ದಪ್ಪ ದನಿ

ತಂತಿ ಸಿಕ್ಕಿಕೊಂಡಿದೆ ಎಂದು ಮಗಳು ಎಚ್ಚರಿಸುವಷ್ಟರಲ್ಲಿ ಅವಳ ಗಂಡ ಸ್ಪೀಕರ್ ಪೆಟ್ಟಿಗೆಯನ್ನು ಮೂಲೆಯಿಂದ ಅರ್ಧ ಎಳೆದಾಗಿತ್ತು. ಮಂಡಿಯೆತ್ತರದ ಎರಡು ಪೆಟ್ಟಿಗೆಗಳು, ಕಲ್ಲಿನಂಥ ಭಾರ. ಅವನ್ನು ಸರಿಸದೆ ಅಪ್ಪನ ದೇಹವನ್ನು ನಡುಮನೆಯಲ್ಲಿ ಮಲಗಿಸಲು ಜಾಗವಿರಲಿಲ್ಲ.

"ಮಾವ ಇವನ್ನ ಒಬ್ರೇ ಹೇಗೆ ಎತ್ತಿಡ್ತಿದ್ರೋ," ಎಂದು ಅವನು ಏದುಸಿರುಬಿಟ್ಟ.

"ಅದಕ್ಕೆಲ್ಲ ಅಪ್ಪನಿಗೆ ಪುರುಸೊತ್ತಿತ್ತು. ನನ್ನ ಮಾತು ಕೇಳೋಕೆ ಇರಲಿಲ್ಲ, ಅಷ್ಟೇ."

ಬೆಳಗಿನಿಂದ ಅವಳಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಬಂದವರೆಲ್ಲ ಅದನ್ನು ಗಮನಿಸುತ್ತಿದ್ದಾರೆಂಬುದೂ ಅವಳಿಗೆ ಗೊತ್ತಿತ್ತು.

*

ಅಪ್ಪ ಪ್ರೆಸ್ಸಿನ ಕೆಲಸದಿಂದ ನಿವೃತ್ತನಾದ ವರ್ಷ ಅವಳು ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದಿದ್ದಳು. ಅಪ್ಪ ತಾನು ಕೂರುವ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು, ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಿದ್ದ. ಬಾಸ್, ಅಂದರೆ ಹಾಡಿನ ದಪ್ಪ ದನಿ, ಎಲ್ಲಿ ತುಂಬಿಕೊಂಡು ಕೇಳುತ್ತದೋ ಅಲ್ಲೇ ಪೆಟ್ಟಿಗೆಗೆ ಜಾಗ ಎನ್ನುವುದು ಅವನ ಲೆಕ್ಕ.

"ಅಪ್ಪ, ಮಗು ಉಳೀಲಿಲ್ಲ," ಎಂದಳು ಅವನ ಬೆನ್ನಿಗೆ.

"ಹೌದಾ, ಒಳ್ಳೇದಾಯ್ತು," ಎಂದ ಅಪ್ಪ ತಿರುಗಿಯೂ ನೋಡದೆ. "ಬಾ, ಇಲ್ಲಿ ನಿಂತು ಕೇಳು. ಗುಂಯ್ ಅನ್ನುತ್ತೆ."

ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಫೋನ್ ಮಾಡಿದರೆ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು.

*

ಪ್ರೆಸ್ಸಿನಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ್ದ ಮುದುಕರೊಬ್ಬರು ಬಂದು ಕುರ್ಚಿಯಲ್ಲಿ ಕುಸಿದರು. ಪೆಟ್ಟಿಗೆಗಳನ್ನು ನೋಡಿ ನಕ್ಕರು.

"ಕೊನೆಗೂ ಇವನಿಗೆ ಸಾಕಾಗೋಷ್ಟು ಬಾಸ್ ಸಿಗ್ತಾ, ಹೇಗಮ್ಮ?"

"ಎಲ್ಲಿ ಸಾಕು? ಅದೊಂದು ಹುಚ್ಚು," ಎಂದಳು ಮಗಳು.

"ಹುಚ್ಚಲ್ಲ. ಅಚ್ಚಿನ ಮಿಷನ್ ಪಕ್ಕ ನಿಂತು ನಿಂತು ಇವನ ಕಿವಿ ಹೋಗಿತ್ತು. ಸಣ್ಣ ದನಿ, ಹೆಂಗಸರ ದನಿ, ಯಾವುದೂ ಕೇಳಿಸ್ತಿರಲಿಲ್ಲ. ಹಾಡಿನಲ್ಲಿ ಉಳಿದಿದ್ದೇ ಆ ಗುಂಯ್ ಒಂದು. ಕೆಲಸದಿಂದ ತೆಗೀತಾರೇಂತ ಬಾಯಿಬಿಡಲಿಲ್ಲ. ಆಮೇಲೆ ಹೇಳೋಕೆ ನಾಚಿಕೆ. ಎದುರಿಗಿದ್ರೆ ತುಟಿ ನೋಡಿ ಸಂಭಾಳಿಸ್ತಿದ್ದ. ಬೆನ್ನ ಹಿಂದೆ ನಿಂತು ಮಾತಾಡಿದ್ರೆ ಹೌದಾ, ಒಳ್ಳೇದಾಯ್ತು ಅಂದುಬಿಡ್ತಿದ್ದ, ಪುಣ್ಯಾತ್ಮ."

ಮಗಳು ನೇರ ಅಡುಗೆಮನೆಗೆ ಹೋದಳು. ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು.

"ಅಪ್ಪನಿಗೆ ಕಿವಿ ಕೇಳಲ್ಲ ಅಂತ ನಿನಗೆ ಗೊತ್ತಿತ್ತಾ?"

"ಇನ್ನೇನು? ನಾನ್ಯಾಕೆ ಗಂಡಸರ ಥರ ದಪ್ಪ ದನಿ ಮಾಡಿ ಮಾತಾಡೋದು ಕಲಿತೆ ಅಂದ್ಕೊಂಡೆ?" ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ನಿನಗಂತೂ ಹೇಳಲೇಕೂಡದು ಅಂದ್ರು. ಮಗಳ ದನಿ ಕೇಳಿಸಲ್ಲ ಅಂತ ಹೇಗೆ ಹೇಳಲಿ ಅಂತ."

ಹೊರಗೆ ವಾಹನ ಬಂದು ನಿಂತಿತು. ಹೊರಲು ಬಂದವರು ಚಪ್ಪಲಿ ಬಿಡುತ್ತಿರುವಾಗ ಮಗಳು ನಡುಮನೆಗೆ ಬಂದು ಅಪ್ಪನ ಪಕ್ಕ ಮಂಡಿಯೂರಿದಳು. ಅವನ ಕಿವಿಗೆ ಬಾಯಿ ತಾಗುವಷ್ಟು ಬಗ್ಗಿದಳು. ಗಂಟಲನ್ನು ಎರಡು ಸಲ ಸರಿಮಾಡಿಕೊಂಡಳು.

ಒಳಗಿನಿಂದ ಬಂದ ದಪ್ಪ, ಒಡಕು ದನಿ ಕೇಳಿ ಬಾಗಿಲಲ್ಲಿದ್ದವರು ಅಲ್ಲೇ ನಿಂತರು. ಮಾತಾಡುತ್ತಿರುವ ಗಂಡಸು ಯಾರೆಂದು ಒಬ್ಬರ ಭುಜದ ಮೇಲಿಂದ ಒಬ್ಬರು ಕತ್ತು ಚಾಚಿ ಇಣುಕಿದರು.