ಅಟ್ಟಣೆಯ ಮೇಲೆ ಮರೆತ ಫೋನು

ನನಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಹೆಂಗಸಿಗೆ ದೇವರ ಹುಚ್ಚು ಹಿಡಿಯುವುದುಂಟು, ಸೀರಿಯಲ್ ಹುಚ್ಚು ಹಿಡಿಯುವುದುಂಟು, ಇದೆಂಥದ್ದು ಎಂದು ಕೊಳ್ಳೇಗಾಲದ ನಮ್ಮ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಪದ್ಮಿನಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಎದುರುಮನೆಯ ರತ್ನ ಬಾಗಿಲಿಗೂ ಬಾರದೆ, "ಗ್ರೌಂಡಲ್ಲವ್ರೆ, ಓಗಿ ನೋಡಿ" ಎಂದು ಒಳಗಿಂದಲೇ ಹೇಳುತ್ತಿದ್ದಳು.

ನಾನು ರೇಷ್ಮೆ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದವಳು. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಅಮ್ಮ ತೀರಿಕೊಂಡ ವರ್ಷ ಆಫೀಸಿನಿಂದ ಮನೆಗೆ ಹೋಗಲು ಕಾಲೇ ಏಳುತ್ತಿರಲಿಲ್ಲ. ದಾರಿಯಲ್ಲಿ ಮೈದಾನ. ಒಂದು ಸಂಜೆ ಅಲ್ಲಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತೆ. ಹುಡುಗರು ಆಡುತ್ತಿದ್ದರು. ಒಬ್ಬ ಗೋಲಿನ ಎದುರಿಗೇ ನಿಂತು ಚೆಂಡನ್ನು ಆಕಾಶಕ್ಕೆ ಒದ್ದ. "ಅಯ್ಯೋ ಮುಂಡೇದೆ, ಅಷ್ಟು ದೊಡ್ಡ ಬಾಗಿಲು ಕಾಣಲಿಲ್ವಾ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಇಡೀ ಮೈದಾನ ನಕ್ಕಿತು, ಒದ್ದವನೂ ನಕ್ಕ. ಅಮ್ಮ ಹೋದ ಮೇಲೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಮಾರನೆಯ ದಿನವೂ ಹೋದೆ.

ಹಾಗೆ ಮರಡಿಗುಡ್ಡ ಫುಟ್‌ಬಾಲ್ ಕ್ಲಬ್ಬಿನ ಸದಸ್ಯೆಯಾದೆ. ಹೆಸರು ದೊಡ್ಡದು. ಆಸ್ತಿ ಎಂದರೆ ಎರಡು ಚೆಂಡು, ಹರಿದ ಒಂದು ಬಲೆ, ಕೋಚ್ ಚಿಕ್ಕಸಿದ್ದಯ್ಯನ ಗಂಟಲು. ಸದಸ್ಯರಾಗಲು ಅಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಆಯುಧಪೂಜೆಯ ದಿನ ಚೆಂಡಿಗೆ ವಿಭೂತಿ ಕುಂಕುಮ ಇಟ್ಟು, ಹೂ ಮುಡಿಸಿ, ಮಂಗಳಾರತಿ ಮಾಡುತ್ತಾರೆ. ಆಮೇಲೆ ಸದಸ್ಯರಾದವರು ಅದನ್ನು ಒಂದು ಸಲ ಒದೆಯಬೇಕು. ಒದ್ದರೆ ಆ ವರ್ಷಕ್ಕೆ ಕ್ಲಬ್ಬಿನವರು. ಪೂಜೆ ಮಾಡಿದ್ದನ್ನು ಕಾಲಲ್ಲಿ ಒದೆಯುವುದು ಹೇಗಪ್ಪ ಎಂದು ನಾನು ಮೊದಲ ವರ್ಷ ಬೆವರಿದೆ. ಬಗ್ಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯ್ತಪ್ಪ ಎಂದು ಹೇಳಿ, ಸೀರೆ ಎತ್ತಿ ಹಿಡಿದು ಒದ್ದೆ. ಚೆಂಡು ಹೋಗಿ ನೈವೇದ್ಯದ ಕಡ್ಲೆಪುರಿಯ ಮಂಕರಿಗೆ ಬಡಿಯಿತು. ಅದನ್ನು ಹುಡುಗರು ಪ್ರತಿ ವರ್ಷ ಹೊಸಬರಿಗೆ ಹೇಳಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲು ಜನ ಇರುವುದು ಎಷ್ಟು ದೊಡ್ಡ ಸಂಪತ್ತು ಎಂದು ಆಗ ತಿಳಿದಿರಲಿಲ್ಲ.

ಕೊರೊನ ಬಂತು. ಮೈದಾನದ ಗೇಟಿಗೆ ಬೀಗ ಬಿತ್ತು. ಆ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ, ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ರತ್ನ ಕೂಡ ಸೊಪ್ಪು ತಂದರೆ ನಮ್ಮ ಗೇಟಿಗೆ ನೇತುಹಾಕಿ, ನಾನು ಹೊರಗೆ ಬರುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳ ತಪ್ಪಲ್ಲ, ಮನೆಯಲ್ಲಿ ಬಾಣಂತಿ ಮಗಳಿದ್ದಳು. ಆ ವರ್ಷ ಆಯುಧಪೂಜೆಗೆ ಚಿಕ್ಕಸಿದ್ದಯ್ಯ ಫೋನ್ ಮಾಡಿ, "ಈ ಸತಿ ಪೂಜೆ ಬ್ಯಾಡ ಅಕ್ಕ. ಅಳೇ ಮೆಂಬರೆಲ್ಲ ಮೆಂಬರೇ" ಎಂದರು. ಒಳ್ಳೆಯ ಮಾತೇ. ಆದರೂ ನಾನು ಒದೆಯದೆ ಸದಸ್ಯೆಯಾದ ಆ ವರ್ಷ ನನಗೆ ಸರಿಬರಲಿಲ್ಲ. ಮನೆಯಲ್ಲಿ ಪೂಜೆ ಮಾಡಲು ಮಿಕ್ಸಿ ಇತ್ತು, ಕತ್ತರಿ ಇತ್ತು, ಒದೆಯುವಂಥದ್ದು ಏನೂ ಇರಲಿಲ್ಲ.

ಜನವರಿಯಲ್ಲಿ ಮೂರು ತಾಲ್ಲೂಕಿನ ಪಂದ್ಯಾವಳಿ ನಡೆಸುವುದೆಂದಾಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ತಂಡಗಳು. ಆದರೆ ಪ್ರೇಕ್ಷಕರನ್ನು ಬಿಡುವಂತಿಲ್ಲ. ನಮ್ಮ ಕ್ಯಾಪ್ಟನ್ ಮಾದಸ್ವಾಮಿ ಗೂಡ್ಸ್ ಆಟೋ ಓಡಿಸುವವನು, ತಲೆ ಚುರುಕು. ಆಳೆತ್ತರದ ಬಿದಿರ ಗಳುವಿಗೆ ತನ್ನ ಫೋನನ್ನು ಪರದೆ ಮೈದಾನದ ಕಡೆಗಿರುವಂತೆ ಕಟ್ಟಿ ಪಂದ್ಯವನ್ನು ಲೈವ್ ಬಿಡುವ ವ್ಯವಸ್ಥೆ ಮಾಡಿದ. ನೋಡುವುದು ಹೇಗೆಂದು ನಮ್ಮ ಗೇಟಿನಾಚೆ ನಿಂತು ನನಗೆ ಕಲಿಸಿಕೊಟ್ಟ. ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಊರಿಗೆ ಊರೇ ನನ್ನ ಹಾಗೆ ನೋಡುತ್ತಿದೆ ಎಂದುಕೊಂಡು, ಅಡುಗೆಮನೆಯಲ್ಲಿ ಕೂಗಾಡುತ್ತಿದ್ದೆ. ನಾನು ಕೂಗಿದ್ದು ಅವರಿಗೆ ಕೇಳಿಸುವುದಿಲ್ಲ ಎಂಬುದು ನೆನಪಾದಾಗ ಮಾತ್ರ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಸೆಮಿಫೈನಲ್ ಲೊಕ್ಕನಹಳ್ಳಿಯಲ್ಲಿ, ಕಾಡಿನ ಅಂಚಿನ ಒಂದು ಹೊಲದಲ್ಲಿ. ರಾಗಿ ಕೊಯ್ದ ಮೇಲೆ ಅಲ್ಲಿಯ ಹುಡುಗರಿಗೆ ಅದೇ ಮೈದಾನ. ನೆಲದ ಮೇಲೆ ನೆಟ್‌ವರ್ಕ್ ಸಿಗದು. ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆಯೊಂದಿತ್ತು, ಅಲ್ಲಿ ಸಿಗುತ್ತದೆ ಎಂದು ಊರವರು ಹೇಳಿದರಂತೆ. ಮಾದಸ್ವಾಮಿ ಮೇಲೆ ಹತ್ತಿ ಫೋನು ಕಟ್ಟಿ ಬಂದ. ಪಂದ್ಯ ಗೆದ್ದೆವು. ಗೋಲ್‌ಕೀಪರ್ ಶಂಕರ್, ಬೇಕರಿಯಲ್ಲಿ ಕೆಲಸ ಮಾಡುವ ಹುಡುಗ, ಕೊನೆಗೆ ಹಿಡಿದ ಚೆಂಡಿಗೆ ನಾನು ಎದ್ದು ಕುಣಿದೇಬಿಟ್ಟೆ.

ಕುಣಿದು ಸುಸ್ತಾಗಿ ಕೂತಾಗ ನೋಡುತ್ತೇನೆ, ಚಿತ್ರ ಇನ್ನೂ ಬರುತ್ತಲೇ ಇದೆ. ಗೆದ್ದ ಸಡಗರದಲ್ಲಿ ಫೋನು ನಿಲ್ಲಿಸುವುದನ್ನು ಮರೆತಿದ್ದರು. ಪರದೆಯಲ್ಲಿ ಖಾಲಿ ಹೊಲ, ಅದರಾಚೆ ಕಾಡು. ಎರಡು ಹಸು ಬಂದು ಗೋಲುಕಂಬಕ್ಕೆ ಮೈ ಉಜ್ಜಿದವು. ಖಾಲಿ ಹೊಲವನ್ನು ಏನು ನೋಡುವುದು? ಆದರೂ ನೋಡಿದೆ. ನಮ್ಮ ಮನೆಯ ಗೋಡೆಗಿಂತ ವಾಸಿ. ಅಷ್ಟರಲ್ಲಿ ಅಟ್ಟಣೆಯ ಕೆಳಗೆ ಮಾತು ಕೇಳಿಸಿತು. ನಮ್ಮ ಹುಡುಗರು ಮರದ ನೆರಳಲ್ಲಿ ಚಿತ್ರಾನ್ನ ತಿನ್ನುತ್ತ ಕುಳಿತಿದ್ದರು.

"ಫೈನಲ್‌ಗೆ ಕ್ಲಬ್ಬಿಗೊಬ್ರು ಮೆಂಬರ್ ಬರ್ಬೌದಂತೆ ಕಣ್ಸಾ" ಎಂದ ಮಾದಸ್ವಾಮಿ. "ಯಳಂದೂರ್ನೋರು ಯೋಳುದ್ರು. ಪದ್ಮಕ್ಕಂಗೆ ಯೋಳ್ಬುಡದಾ?"

"ಇನ್ಯಾರ್ಗ್ಯೋಳೀಯೆ" ಎಂದ ಶಂಕರ್.

ಮನೆ ಬಿಟ್ಟು ಹೊರಗೆ ಹೋಗಿ, ಹುಡುಗರ ಪಕ್ಕ ನಿಂತು, ಅವರಿಗೆ ಕೇಳಿಸುವ ಹಾಗೆ ಕೂಗಬಹುದು. ಯಾವ ಸೀರೆ ಉಡಲಿ ಎಂದು ಆಗಲೇ ಯೋಚನೆ ಶುರುವಾಗಿತ್ತು.

"ಬ್ಯಾಡ ಕಣ್ರಲಾ" ಎಂದರು ಚಿಕ್ಕಸಿದ್ದಯ್ಯ. "ಅವ್ರಿಗೆ ಸಕ್ಕರೆ ಕಾಯ್ಲೆ ಅದ. ನಮ್ ಜೊತ್ಗೆ ಒಂದೇ ವ್ಯಾನಲ್ಲಿ ಬಂದು ನಾಳೀಕೆ ಏನಾರ ಅಂಟ್ಕಂಡ್ರೆ? ಒಂಟಿ ಎಂಗ್ಸು. ಆಸ್ಪತ್ರೆಗೆ ಯಾರ್ ಕರ್ಕೊಂಡ್ ಓದಾರು, ಗಂಜಿ ಯಾರ್ ಕಾಯ್ಸಿ ಕೊಟ್ಟಾರು? ಯೋಳಿ, ನಿಮ್ಮಲ್ಲಿ ಯಾರ್ ನೋಡ್ಕಂಡೀರಿ?"

ನಾನು ಫೋನನ್ನು ಎತ್ತಿ ಕಿವಿಗೆ ಹಿಡಿದೆ. ಮಾದಸ್ವಾಮಿ ಏನಾದರೂ ಅಂದಾನು, ಶಂಕರ್ ಅಂದಾನು ಎಂದು ಕಾದೆ. ಶಂಕರನ ಕಾಲು ಮುರಿದಾಗ ಅವನಿಗೆ ತಿಂಗಳಿಡೀ ರಾಗಿಗಂಜಿ ಒಯ್ದು ಕೊಟ್ಟವಳು ನಾನು. ಎಲೆ ಮಡಿಸುವ ಸದ್ದು ಬಂತು, ಹಸುವಿನ ಗಂಟೆ ಕೇಳಿಸಿತು, ಯಾರೋ ನೀರು ಕುಡಿದರು.

ಕೊನೆಗೆ ಶಂಕರನೇ ಕೇಳಿದ. "ಅವ್ರಿಗೆ ಎಂಗ್ಯೋಳದು ಸಾ?"

"ಮೆಂಬರ್‌ನೂ ಬುಡಾಕಿಲ್ಲ ಅಂದ್ಬುಡ್ತೀನಿ. ನಂಬ್ಕತಾರೆ."

ಸ್ವಲ್ಪ ಹೊತ್ತಿಗೆ ಆ ಫೋನಿನ ಚಾರ್ಜು ಮುಗಿಯಿತೇನೋ, ಚಿತ್ರ ನಿಂತಿತು. ನನ್ನ ಮುಖ ಕಪ್ಪು ಪರದೆಯಲ್ಲಿ ಕಂಡಿತು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಹಾಗೆಂದು ಬುದ್ಧಿ ಹೇಳುತ್ತಿತ್ತು. ಆದರೂ ಅವತ್ತು ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಸಿದ್ದಯ್ಯನ ಫೋನು ಬಂತು. ಗೆದ್ದ ಆಟದ ಮಾತಾಡಿದರು, ನಾನು ಸಂತೋಷ ಎಂದೆ. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಫೈನಲ್‌ಗೆ ಆಟಗಾರ್ರನ್ನ ಬುಟ್ರೆ ಇನ್ಯಾರ್ನೂ ಬುಡಾಕಿಲ್ವಂತೆ ಅಕ್ಕ. ಮೆಂಬರ್‌ನೂ ಸೈತ."

"ಒಬ್ಬರನ್ನೂ ಬಿಡೋದಿಲ್ವಾ?" ಎಂದು ಬೇಕೆಂದೇ ಕೇಳಿದೆ. ನಿಜ ಹೇಳಲು ಅವರಿಗೆ ಒಂದು ಅವಕಾಶ ಕೊಟ್ಟೆ ಎಂದೇ ಇಟ್ಟುಕೊಳ್ಳಿ.

"ಇಲ್ಲ ಕಣಕ್ಕ. ನೀವು ಫೋನಲ್ಲೇ ನೋಡಿ."

"ಆಯ್ತು ಬಿಡಿ" ಎಂದೆ. ನೋಡುವುದಿಲ್ಲ ಎಂದು ಆ ಕ್ಷಣವೇ ನಿರ್ಧರಿಸಿಬಿಟ್ಟೆ. ಅಷ್ಟೊಂದು ಜನ ನೋಡುವವರಿರುವಾಗ ಈ ಒಂಟಿ ಹೆಂಗಸು ನೋಡಿದರೆಷ್ಟು ಬಿಟ್ಟರೆಷ್ಟು.

ಫೈನಲ್ ಭಾನುವಾರ ಸಂಜೆ, ಯಳಂದೂರಿನಲ್ಲಿ. ನಾನು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕುಳಿತೆ. ಈಗ ಮೈದಾನಕ್ಕೆ ಇಳಿದಿರುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು. ಇಳಿಯಲಿ. ಮಾದಸ್ವಾಮಿಗೆ ಎಡಗಾಲು ಬಳಸು ಎಂದು ಹೇಳುವವರಿಲ್ಲ. ಇಲ್ಲದಿದ್ದರೆ ಬೇಡ. ಸೀಗೆಪುಡಿ ಹಾಕಿ ಪೂಜೆಯ ಹಿತ್ತಾಳೆ ಚೊಂಬನ್ನೂ ಉಜ್ಜಿದೆ. ನೋಡದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಫೋನು ಹೊಡೆದುಕೊಂಡಿತು. ಚಿಕ್ಕಸಿದ್ದಯ್ಯ. ಅರ್ಧ ಆಟ ಮುಗಿದ ಹೊತ್ತಿರಬೇಕು. ಎತ್ತಬಾರದು ಎಂದುಕೊಳ್ಳುತ್ತಲೇ ಒದ್ದೆ ಕೈಯಲ್ಲಿ ಎತ್ತಿದೆ.

"ಅಕ್ಕ, ಉಸಾರಾಗಿದ್ದೀರ ತಾನೆ?" ಅವರ ದನಿ ಗಾಬರಿಯಾಗಿತ್ತು.

"ನನಗೇನಾಗಿದೆ?"

"ಅಲ್ಲ, ನೀವು ನೋಡ್ತಿಲ್ಲ."

"ನಾನು ನೋಡ್ತೀನೋ ಬಿಡ್ತೀನೋ ನಿಮಗೆ ಹೇಗೆ ಗೊತ್ತು?"

"ಆ ಫೋನಲ್ಲಿ ಒಂದ್ ಕಣ್ಣಿನ್ ಗುರ್ತು ಅದ ಅಕ್ಕ. ಎಷ್ಟ್ ಜನ ನೋಡ್ತಾವ್ರೆ ಅಂತ ಪಕ್ದಲ್ಲಿ ಬರ್ತದ. ಯಾವಾಗ್ಲೂ ಒಂದು ಅಂತ ಇರದು. ಇವತ್ತು ಸೊನ್ನೆ ಅದ."

ನಾನು ಹಾಸಿಗೆಯ ಮೇಲೆ ಕುಳಿತೆ. "ಒಂದಾ? ಬೇರೆ ಯಾರೂ ನೋಡ್ತಿರ್ಲಿಲ್ವಾ?"

"ಮೊದುಲ್ನೆ ಮ್ಯಾಚು ಒಂದೀಟ್ ಜನ ನೋಡುದ್ರು. ಆಮೇಕೆ ನೀವೊಬ್ರೆಯ."

ಊರೇ ಕೂಗುತ್ತಿದೆ ಎಂದುಕೊಂಡು ಕೂಗಿದ್ದು ನಾನೊಬ್ಬಳೇ. ದುಃಖ ಬಂತು, ಅದರ ಹಿಂದೆಯೇ ಅವತ್ತಿನ ಸಿಟ್ಟೂ ಬಂತು.

"ಲೊಕ್ಕನಹಳ್ಳೀಲಿ ಅಟ್ಟಣೆ ಮೇಲೆ ಫೋನ್ ಮರೆತಿದ್ರಲ್ಲ ಚಿಕ್ಕಸಿದ್ದಯ್ಯ, ಅದು ನಿಂತಿರಲಿಲ್ಲ. ನೀವು ಕೆಳಗೆ ಕೂತು ಮಾತಾಡಿದ್ದೆಲ್ಲ ನನಗೆ ಕೇಳಿಸ್ತು."

ಅವರು ಬಾಯಿ ತೆರೆಯುವ ಮೊದಲೇ ಮುಂದುವರಿಸಿದೆ.

"ನೀವು ಸುಳ್ಳು ಹೇಳಿದ್ದು ಹೋಗ್ಲಿ. ಯಾರು ನೋಡ್ಕೊತೀರಿ ಅಂತ ಕೇಳಿದ್ರಲ್ಲ, ಆಗ ಒಬ್ಬರೂ ಬಾಯಿ ಬಿಡಲಿಲ್ವಲ್ಲ. ಅದಕ್ಕೆ ನೋಡ್ತಿಲ್ಲ ನಾನು."

"ಏನ್ಯೋಳನಕ್ಕ. ಎಲ್ರ ಮನೇಲೂ ಮುದುಕ್ರು, ಸಣ್ಣೈಕ್ಳು. ಇರದೇ ಒಂದೊಂದ್ ರೂಮು. ನಾನೇ ಕೇಳ್ದೋನು, ನಾನೂ ಬಾಯ್ ಬುಡ್ನಿಲ್ಲ. ಈಗ್ಲೂ ನೋಡ್ಕತೀನಿ ಅನ್ನಾಕೆ ನಂಗೆ ಧೈರ್ಯ ಇಲ್ಲ."

ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ನಾವಿಲ್ವಾ ಅಕ್ಕ ಎಂದಿದ್ದರೆ ಹಾಸಿಗೆಯ ಮೇಲೆ ಕೂತ ನಾನು ಅಷ್ಟಕ್ಕೇ ಕರಗಿಹೋಗುತ್ತಿದ್ದೆ. ಅವರು ಹೇಳಲಿಲ್ಲ. ಅದು ನನಗೆ ನೋವೂ ಮಾಡಿತು, ಒಂದು ರೀತಿಯ ಮರ್ಯಾದೆಯ ಹಾಗೂ ಕಂಡಿತು.

"ಆಟ ಏನಾಯ್ತು?" ಎಂದೆ.

"ಅವ್ರು ಎರಡು ಗೋಲು ಒಡ್ದವ್ರೆ. ನಮ್ದಿನ್ನೂ ಇಲ್ಲ. ಐಕ್ಳು ಮನಸ್ಕೊಟ್ಟು ಆಡ್ತಿಲ್ಲ. ಚೆಂಡು ಆಚೆಗೋದಾಗ್ಲೆಲ್ಲ ಶಂಕ್ರ ಓಡ್ಬಂದು ಫೋನ್ ನೋಡ್ತಾನೆ. ಅಕ್ಕಂಗೆ ಏನೋ ಆಗದೆ ಅಂತ ಅವ್ನು." ಅಷ್ಟರಲ್ಲಿ ಸೀಟಿ ಕೇಳಿಸಿತು. "ಶುರುವಾಯ್ತದ, ಓಯ್ತೀನಿ ಅಕ್ಕ" ಎಂದು ಫೋನಿಟ್ಟರು. ನೋಡಿ ಎಂದು ಕೇಳಲಿಲ್ಲ.

ನಾನು ಹಾಗೇ ಕುಳಿತೆ. ಇದು ಯಾವ ನ್ಯಾಯ? ನನಗೆ ಜ್ವರ ಬಂದರೆ ಇವರು ಯಾರೂ ಬರಲಾರರು. ನಾನು ನೋಡದಿದ್ದರೆ ಇವರಿಗೆ ಆಡಲು ಕಾಲು ಬರುವುದಿಲ್ಲ. ಜಗಳ ತೆಗೆಯಲು ಬೇಕಾದಷ್ಟು ಕಾರಣವಿತ್ತು, ಜಗಳಕ್ಕೆ ಎದುರಿಗೆ ಜನವಿರಲಿಲ್ಲ. ಕ್ಲಬ್ಬು ನನ್ನದಾಗಿದ್ದಷ್ಟು ನಾನು ಕ್ಲಬ್ಬಿನವಳಲ್ಲ ಎಂಬುದು ಅವತ್ತು ಚೆನ್ನಾಗಿ ತಿಳಿಯಿತು. ತಿಳಿದ ಮೇಲೂ ಕೈ ಒರೆಸಿಕೊಂಡು ಫೋನು ತೆಗೆದೆ. ಬಿಟ್ಟು ಇನ್ನೆಲ್ಲಿಗೆ ಹೋಗಲಿ?

ಮೈದಾನ ಕಂಡಿತು. ನಮ್ಮ ಹುಡುಗರು ಕೆಂಪು ಅಂಗಿಯಲ್ಲಿ ಸೊರಗಿದವರ ಹಾಗೆ ಓಡುತ್ತಿದ್ದರು. ಚೆಂಡು ಗೆರೆ ದಾಟಿತು. ಶಂಕರನ ಮುಖ ಇದ್ದಕ್ಕಿದ್ದಂತೆ ಪರದೆಯ ತುಂಬ ಬಂತು. ಹಣೆಯಲ್ಲಿ ಬೆವರು, ಮೂಗಿನ ಮೇಲೆ ಮಣ್ಣು. ಕಣ್ಣು ಕಿರಿದು ಮಾಡಿ ಮೂಲೆಯಲ್ಲಿ ಏನನ್ನೋ ಓದಿಕೊಂಡ. ಆಮೇಲೆ ಹಿಂದಕ್ಕೆ ತಿರುಗಿ, "ಬಂದ್ರು ಕಣ್ರಲಾ, ಅಕ್ಕ ಬಂದ್ರು" ಎಂದು ಕೂಗಿದ.

ಮೈದಾನದ ಆ ತುದಿಯಲ್ಲಿದ್ದ ಮಾದಸ್ವಾಮಿ ಫೋನಿನ ಕಡೆಗೆ ಕೈ ಎತ್ತಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು. ಚಿಕ್ಕಸಿದ್ದಯ್ಯ ಮಾತ್ರ ತಲೆ ತಗ್ಗಿಸಿ ನಿಂತಿದ್ದರು.

ನಾನೂ ಕೈ ಎತ್ತಿದೆ. ಮನೆಯಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ.