ತಾಮ್ರವಿಲ್ಲದ ಕಂದು

ಹಳದಿ ಅಲ್ಲ ಇದು, ಹಳದಿಗೆ ಒಂದು ಮರ್ಯಾದೆ ಇದೆ, ಇದು ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಒಣಗಿದ ಜುಂಗು, ಒದ್ದೆಯಾದರೆ ಇನ್ನೂ ಸೊಗಸು — ಒಂದು ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಚೂಯಿಂಗ್ ಗಮ್ಮಿನ ಹಾಗೆ ಬರುತ್ತಲೇ ಇದೆ, ವಾಪಸು ಹೋಗುವ ಯೋಚನೆಯೇ ಇಲ್ಲ, ಟಪ್, ಹೋಯಿತು, ನಾದಿನಿಗೆ ಗೊತ್ತೇ ಆಗಲಿಲ್ಲ, ಮಹಾತಾಯಿ ಫೋನಿನಲ್ಲಿ ಮುಳುಗಿದ್ದಾಳೆ, ನಾಳೆ ಹತ್ತು ಗಂಟೆಗೆ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನ, ಉತ್ತರಗಳನ್ನು ಉರು ಹೊಡೆಯುತ್ತಿದ್ದಾಳೆ, ತುಟಿ ಮಾತ್ರ ಅಲುಗುತ್ತದೆ, ಹದಿನಾರು ವರ್ಷ ಕಾದ ಕುರ್ಚಿಯಂತೆ ಅದು, ಅಷ್ಟು ಕಾದವಳು ಇನ್ನೊಂದು ವಾರ ತೆಪ್ಪಗಿರಬಾರದಿತ್ತೇ, ರಜೆಯಲ್ಲಿ ಯಾವುದೋ ವೀಡಿಯೊ ನೋಡಿ, ಪೊಟ್ಟಣದ ಪುಡಿ ಕಲಸಿ, ಮನೆಯಲ್ಲೇ ಒಂದಲ್ಲ ಎರಡಲ್ಲ ಮೂರು ಸಲ ಬ್ಲೀಚ್ ಮಾಡಿ, ಈಗ ಮುಖವನ್ನೂ ಬಿಳಿಚಿಸಿಕೊಂಡು ಬಂದು ಕೂತಿದ್ದಾಳೆ, ಜೇನಿನ ಬಣ್ಣ ಬರುತ್ತೆ ಅಂದಿದ್ದರಂತೆ, ಬಂದಿದೆಯಲ್ಲ, ಜೇನುಹುಳ ಕಚ್ಚಿದ ಬಣ್ಣ.

ಪಾರ್ಲರಿನ ಬಾಗಿಲಲ್ಲಿ ನಿಂತು ಅತ್ತಿಗೇ ಅಂದಳಲ್ಲ, ಕೊನೆಯನ್ನು ಉದ್ದಕ್ಕೆ ಎಳೆದು — ಇವಳು ಕತ್ತರಿ ಕೆಳಗಿಟ್ಟು ಬೆನ್ನ ಹಿಂದೆ ತಿರುಗಿ ನೋಡಿದ್ದಳು, ಇನ್ಯಾರನ್ನೋ ಕರೆದಿರಬೇಕು ಎಂದು, ಮದುವೆಯಾದ ಹನ್ನೊಂದು ವರ್ಷದಲ್ಲಿ ಆ ಪದ ಆ ಬಾಯಿಂದ ಬಿದ್ದದ್ದೇ ಇಲ್ಲ, ಅವಳ ಮಗನ ಹುಟ್ಟುಹಬ್ಬಕ್ಕೆ ಶಾಲೆಯ ಮೇಡಮ್ಮುಗಳೆಲ್ಲ ಸಾಲಾಗಿ ಕೂತಿದ್ದಾಗ ಇವಳೇ ಕೇಕಿನ ತಟ್ಟೆ ಹಿಡಿದು ಹೋಗಿದ್ದಳು, ಇವರು ಯಾರು ಅಂತ ಯಾರೋ ಕೇಳಿದರು, ಇವರಾ, ನಮ್ಮ ಪಾರ್ಲರ್‌ನವರು, ತುಂಬಾ ಒಳ್ಳೆಯವರು, ಕರೆದ್ರೆ ಮನೆಗೇ ಬರ್ತಾರೆ. ಹೌದಮ್ಮ, ನಿನ್ನಣ್ಣ ಕರೆದ, ಮನೆಗೇ ಬಂದೆ. ಆ ದಿನ ಕೈ ತೊಳೆಯುತ್ತ ಗಂಡನಿಗೆ ಹೇಳಿದರೆ ಅವನು ಮೂಗಿನಲ್ಲೇ, ಹೋಗ್ಲಿ ಬಿಡೇ, ಬಾಯಿ ತಪ್ಪಿ ಅಂದಿರ್ತಾಳೆ — ಆ ಮೂಗಿನ ರಾಗ ಇವಳಿಗೆ ಈಗಲೂ ಚೆನ್ನಾಗಿ ಬರುತ್ತದೆ, ಹೋಘ್ಲಿ ಬಿಢೇ, ಗಿರಾಕಿ ಇಲ್ಲದಾಗ ಅಂದು ತೋರಿಸಿದರೆ ಪಕ್ಕದ ಕುರ್ಚಿಯಲ್ಲಿ ಹುಬ್ಬು ತೀಡುವ ದಾರದಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಬಾಯಿ ತಪ್ಪಿತಂತೆ, ತಲೆ ತಪ್ಪಿಲ್ಲವಲ್ಲ, ತಲೆ ಸೀದಾ ಇಲ್ಲಿಗೇ ಬಂದಿದೆ, ಇವಳ ಕೈಗೇ.

ಬಂದ ಕೂಡಲೇ ಇವಳು ಒಳ್ಳೆಯ ಮಾತಿನಲ್ಲೇ ಹೇಳಿದ್ದಳು, ಹೇಳಲಿಲ್ಲ ಅನ್ನುವ ಹಾಗಿಲ್ಲ, ಕಂದು ಅಂದರೆ ಒಂಟಿ ಬಣ್ಣವಲ್ಲ, ಕೆಂಪು ಹಳದಿ ನೀಲಿ ಮೂರೂ ಕೂಡಿದ ಸಂಸಾರ, ಬ್ಲೀಚು ಕೆಂಪನ್ನು ಮನೆಯಿಂದ ಓಡಿಸಿದೆ, ಈಗ ಸೀದಾ ಕಂದು ಹಚ್ಚಿದರೆ ಅದರೊಳಗಿನ ನೀಲಿ ಹೋಗಿ ಹಳದಿಯ ತೆಕ್ಕೆಗೆ ಬೀಳುತ್ತದೆ, ಹುಟ್ಟುವುದು ಹಸಿರು — ಅದಕ್ಕೇ ಮೊದಲು ಕೆಂಪು ತುಂಬುವ ತಾಮ್ರದ ಬಣ್ಣ, ಅಮೋನಿಯಾ ಇಲ್ಲದ್ದು, ತೀರ ಸೌಮ್ಯದ್ದು, ಇಪ್ಪತ್ತು ನಿಮಿಷ, ಅದರ ಮೇಲೆ ಕಂದು, ಅದೂ ಒಂದು ಛಾಯೆ ತೆಳುವಾದದ್ದು, ಹಸಿದ ಕೂದಲು ಕೊಟ್ಟದ್ದಕ್ಕಿಂತ ಹೆಚ್ಚು ಕುಡಿದು ಕಪ್ಪಾಗಿಬಿಡುತ್ತದೆ, ಜೊತೆಗೆ ತುದಿ ಎರಡು ಬೆರಳು ಕತ್ತರಿಸಿದರೆ ಉಳಿದದ್ದಾದರೂ ಉಳಿದೀತು. ಕೆಂಪಾ, ಎಂದಿದ್ದಳು ನಾದಿನಿ, ನಾನೇನು ಸರ್ಕಸ್ಸಿಗೆ ಹೋಗ್ತಾ ಇದೀನಾ, ಕಂದು ಅಂದ್ರೆ ಕಂದು ಹಾಕು, ಒಂದಕ್ಕೆರಡು ಕೆಲಸ ಮಾಡಬೇಡ, ಅರ್ಥ ಆಯ್ತಾ, ಏನು ಹಾಕ್ತೀಯ, ಎಲ್ಲಿ, ಹೇಳು ನೋಡೋಣ. ಮೂರನೇ ತರಗತಿ, ಹಿಂದಿನ ಬೆಂಚು. ಇವಳು ಕೈಕಟ್ಟಿ, ಕಂದು, ಎಂದಳು. ಗುಡ್. ದಾರದಕ್ಕ ಹಲ್ಲಿನಲ್ಲಿ ಕಚ್ಚಿದ ದಾರವನ್ನು ಹಾಗೇ ಬಿಗಿಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಕೇಳಿಸಿಕೊಳ್ಳಲಿ, ಸಾಕ್ಷಿ ಬೇಕು.

ಏಕೆಂದರೆ ಇವಳೀಗ ಮಾಡುವುದು ಏನೂ ಇಲ್ಲವಲ್ಲ, ಹೇಳಿದ ಮಾತು ಕೇಳುವುದಷ್ಟೇ, ವಿಧೇಯತೆ, ಶಾಲೆಯಲ್ಲಿ ಅದಕ್ಕೆ ಬಹುಮಾನ ಕೊಡುತ್ತಾರೆ — ತಾಮ್ರದ ಟ್ಯೂಬಿನ ಮುಚ್ಚಳ ತೆಗೆದಿದ್ದವಳು ತಿರುಗಿಸಿ ಮುಚ್ಚಿದಳು, ಬಟ್ಟಲಿನಲ್ಲಿ ಬರೀ ಕಂದು ಕಲಸಿದಳು, ನಾಳೆ ಐದು ಜನ ಸಾಲಾಗಿ ಕೂತಿರುತ್ತಾರೆ, ಒಳಗೆ ಬರುತ್ತಾಳೆ ಪಾಚಿ ಕಟ್ಟಿದ ತೊಟ್ಟಿ, ನಮಸ್ಕಾರ ಸಾರ್, ಪರಿಸರ ದಿನಾಚರಣೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಮೇಡಂ, ಅದನ್ನು ತಲೆಯ ಮೇಲೇ ಹೊತ್ತು ತಂದಿದ್ದೀನಿ ಸಾರ್ — ಸಂಜೆಯೊಳಗೆ ಸರಿಮಾಡಿಕೊಡು ಎಂದರೂ ಆಗದು, ಈ ಕೂದಲು ಇನ್ನೊಂದು ರಾಸಾಯನಿಕ ತಡೆಯುವುದಿಲ್ಲ, ಕೈಗೆ ಕಿತ್ತು ಬರುತ್ತದೆ, ಆಮೇಲೆ ಕತ್ತರಿ, ಕಿವಿಯ ಮೇಲಕ್ಕೆ, ನೀನೇ ಹೇಳಿದ್ದಲ್ಲಮ್ಮ, ಕೇಳು ಬೇಕಾದರೆ ದಾರದಕ್ಕನನ್ನು.

ಆದರೆ ಕೈ, ಈ ದರಿದ್ರ ಕೈ, ಇಪ್ಪತ್ತು ವರ್ಷದ ರೂಢಿ, ಇವಳನ್ನು ಕೇಳದೆಯೇ ಕಿವಿಯ ಹಿಂದಿನಿಂದ ಒಂದು ಸಣ್ಣ ಎಳೆ ಬೇರೆ ಮಾಡಿತ್ತು, ಕಂದು ಬಳಿದು ಫಾಯಿಲ್ ಹಾಳೆಯಲ್ಲಿ ಸುತ್ತಿತ್ತು, ಪರೀಕ್ಷೆ ಮಾಡದೆ ಇಡೀ ತಲೆ ಮುಟ್ಟುವುದು ಅದಕ್ಕೆ ಗೊತ್ತೇ ಇಲ್ಲ — ಈಗ ಹಾಳೆ ಬಿಚ್ಚಿ, ಒರೆಸಿ, ಡ್ರೈಯರ್‌ನ ಗಾಳಿ ಹಿಡಿದರೆ ಮೊದಲು ಕಂದು, ಆಹಾ ಎಷ್ಟು ಸಭ್ಯ ಕಂದು, ಒಣಗುತ್ತ ಒಣಗುತ್ತ ಬೂದಿ, ಬೂದಿಯ ಅಡಿಯಿಂದ ಹಸಿರು, ಯಾರೂ ಮುಟ್ಟದ ಕೊಳದ ಹಸಿರು, ಬಲ್ಬಿನ ಕೆಳಗೆ ಹಿಡಿದರೂ ಹಸಿರು, ಕಿಟಕಿಯ ಬೆಳಕಿಗೆ ತಿರುಗಿಸಿದರೂ ಹಸಿರು, ಕತ್ತರಿ ಚಕ್ ಎಂದಿತು, ಎಳೆ ಎಡಗೈಯ ಮುಷ್ಟಿಯೊಳಗೆ ಹೋಯಿತು, ಯಾರೂ ನೋಡಲಿಲ್ಲ, ದಾರದಕ್ಕ ನೋಡಿದಳೋ ಏನೋ, ನೋಡಿದರೇನಂತೆ, ಹೇಳಿದ್ದು ಇವಳಲ್ಲ, ಹೇಳಿದ್ದು ಅವಳು.

ನಾದಿನಿ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು, ಕನ್ನಡಿಯಲ್ಲೇ ಇವಳ ಮುಖ ಹುಡುಕಿದಳು, ಮೇಡಂ ದನಿ ಎಲ್ಲಿ ಹೋಯಿತು, ಇದು ಯಾರ ದನಿ, ಅಣಕಿಸಲೂ ಸಿಗದಂಥ ಪುಟ್ಟ ದನಿ — ಕಿವಿ ಹಿಂದೆ ಸುತ್ತಿದ್ಯಲ್ಲ, ಆ ಎಳೆ ಹೇಗೆ ಬಂತು ಅತ್ತಿಗೆ, ಬೆಳಗ್ಗೆ ಬಾಚಿದ್ರೆ ಬಾಚಣಿಗೆ ತುಂಬ ಬಂತು, ನಂಗೆ ಭಯ ಆಗ್ತಿದೆ, ನಿಂಗೆ ಗೊತ್ತು, ನಂಗೆ ಗೊತ್ತಿಲ್ಲ, ಕೆಂಪು ಹಾಕಲೇಬೇಕು ಅಂದ್ರೆ ಹಾಕು.

ಹಾಕು ಎಂದಳು. ಹೇಳಿದ್ದನ್ನು ವಾಪಸು ತೆಗೆದುಕೊಂಡಳು, ಇಷ್ಟು ಹೊತ್ತು ಇವಳು ಬೆನ್ನು ಕೊಟ್ಟು ನಿಂತಿದ್ದ ಗೋಡೆಯನ್ನೇ ತೆಗೆದುಬಿಟ್ಟಳು, ತಾಮ್ರದ ಟ್ಯೂಬು ಮೊಣಕೈಯ ಬಳಿಯೇ ಇದೆ, ಮುಚ್ಚಳ ಎರಡು ಸುತ್ತು ತಿರುಗಿಸಿದರೆ ಸಾಕು, ನಮ್ಮ ಪಾರ್ಲರ್‌ನವರು, ಕರೆದ್ರೆ ಮನೆಗೇ ಬರ್ತಾರೆ, ಗುಡ್ —

ಬೇಡ, ಚೆನ್ನಾಗೇ ಬಂದಿದೆ, ಎಂದಳು ಇವಳು. ಯಾರ ದನಿಯನ್ನೂ ಅನುಕರಿಸದೆ, ತನ್ನದೇ ದನಿಯಲ್ಲಿ. ನಾದಿನಿ ಉಸಿರು ಬಿಟ್ಟು, ಕಣ್ಣು ಮುಚ್ಚಿ, ತಲೆಯನ್ನು ಇವಳತ್ತ ಚೆಲ್ಲಿದಳು, ಕತ್ತು ಹಗುರ, ಪಕ್ಕದಲ್ಲಿ ದಾರದ ಸದ್ದು ನಿಂತಿದೆ, ಬಲಗೈ ಬ್ರಷ್ಷನ್ನು ಕಂದಿನಲ್ಲಿ ಅದ್ದಿತು, ಇನ್ನು ಎಡಗೈಯಲ್ಲಿ ಕೂದಲಿನ ಪದರ ಎತ್ತಿ ಹಿಡಿಯಬೇಕು, ಹಿಡಿಯಲು ಮುಷ್ಟಿ ಬಿಚ್ಚಬೇಕು, ಬ್ರಷ್ಷಿನಿಂದ ಒಂದು ಹನಿ ತೊಟ್ಟಿಕ್ಕಿತು, ಮುಷ್ಟಿ ಬಿಚ್ಚಬೇಕು, ಹಸಿರು, ಅಂಗೈಗೆ ಅಂಟಿರುತ್ತದೆ, ಬಿಚ್ಚಬೇಕು, ಒಂದೆಳೆ, ಹಸಿರು