ಮೂಲೆಯ ಕೆಂಪು ಕೊಡೆ

ಕ್ಷೌರದಂಗಡಿ ಇಟ್ಟವನ ಬಾಯಿ ಸುಮ್ಮನಿರಬಾರದು. ಕತ್ತರಿ ಆಡುವಷ್ಟು ಹೊತ್ತೂ ನಾಲಗೆ ಆಡಬೇಕು, ಇಲ್ಲದಿದ್ದರೆ ಗಿರಾಕಿ ತೂಕಡಿಸಿ ಕುತ್ತಿಗೆ ವಾಲಿಸುತ್ತಾನೆ. ಅದೇ ಬಾಯನ್ನು ನಾನು ಮನೆಗೂ ತರುತ್ತಿದ್ದೆ. ಚಪ್ಪಲಿ ಬಿಡುವಷ್ಟರಲ್ಲೇ ಶುರು. ನನ್ನವಳು ಕಂಪ್ಯೂಟರಿನಿಂದ ತಲೆ ಎತ್ತದೆ "ಸುಮ್ನಿರಿ" ಅನ್ನುತ್ತಿದ್ದಳು. ಅವಳು ಪ್ರೆಸ್ಸಿನವರಿಗೆ ಮನೆಯಲ್ಲೇ ಕೂತು ಪುಸ್ತಕ ಟೈಪ್ ಮಾಡಿಕೊಡುವವಳು. ನನ್ನ ಗದ್ದಲದಲ್ಲಿ ಸಾಲು ತಪ್ಪುತ್ತದಂತೆ.

ಈ ಚಳಿಗಾಲದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಪೂರ್ತಿ ನಿಂತುಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಹೇಳಬೇಕಾದ್ದೂ ತಲೆಯಲ್ಲಿದೆ, ಬಾಯಿಗೆ ಬರುವುದಿಲ್ಲ. ಮಾತು ಕಲಿಸುವ ಮೇಡಂ ಒಂದು ವೆಬ್‌ಸೈಟ್ ತೋರಿಸಿದರು. ಪದ ಒತ್ತಿದರೆ, ಅದನ್ನು ಹೇಳುವಾಗ ತುಟಿ ಹೇಗಾಡುತ್ತದೆ ಅಂತ ವಿಡಿಯೊ ಬರುತ್ತದೆ. "ದಿನಾ ಮನೇಲಿ ಮಾಡಿಸಿ. ಮಾತು ವಾಪಸ್ ಬರೋದಿದ್ರೆ ಈ ಮೊದಲ ತಿಂಗಳುಗಳಲ್ಲೇ ಚೆನ್ನಾಗಿ ಬರೋದು. ಬಿಡಬೇಡಿ" ಅಂದರು.

ಅವರ ಕಂಪ್ಯೂಟರಿನಲ್ಲಿ ಸೊಗಸಾಗಿ ಓಡಿದ್ದು ನಮ್ಮ ಮನೆಯಲ್ಲಿ ಹಠ ಹಿಡಿಯಿತು. ಪದಗಳೇನೋ ಕಾಣುತ್ತವೆ, ಒತ್ತಿದರೆ ವಿಡಿಯೊ ಇಲ್ಲ. ದಿನಗಳು ಸುಮ್ಮನೆ ಹೋಗುತ್ತಿದ್ದವು. ಒಂದು ಭಾನುವಾರ ಅವಳ ತಮ್ಮನಿಗೆ ಫೋನ್ ಹಚ್ಚಿ ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟೆ. ಅವನಿಗೆ ಕಂಪ್ಯೂಟರ್ ರಿಪೇರಿಯೇ ಕೆಲಸ.

"ಭಾವ, ಪೇಜ್ ರಿಫ್ರೆಶ್ ಮಾಡಿ ನೋಡಿದ್ರಾ?"

"ಮಾಡಿ ಮಾಡಿ ಬೆರಳು ಸವೆದುಹೋಯ್ತು ಕಣಯ್ಯ."

ಬ್ರೌಸರಿನಲ್ಲಿ ಹಳೆಯದೆಲ್ಲ ಅಳಿಸಿ ಅಂದ, ಅಳಿಸಿದೆ. ಅಪ್‌ಡೇಟ್ ಮಾಡಿ ಅಂದ, ಮಾಡಿದೆ. ಬೇರೆ ಬ್ರೌಸರ್ ಹಾಕಿ ಅಂದ. ಅದಕ್ಕೆ ಪಾಸ್‌ವರ್ಡ್ ಬೇಕು, ಅದು ಅವಳೊಬ್ಬಳಿಗೇ ಗೊತ್ತು. ಅವಳಿಗೆ ಈಗ ಅಕ್ಷರವೂ ಕೈಗೆ ಬರುತ್ತಿಲ್ಲ. ಕಂಪ್ಯೂಟರಿಗೂ ಅದನ್ನು ಕಂಡುಹಿಡಿದವನಿಗೂ ಸೇರಿಸಿ ಬೈದೆ.

ಪಕ್ಕದಲ್ಲಿ ಕೂತಿದ್ದ ಅವಳು ಎಡಗೈ ಚಾಚಿ ಪರದೆಯ ಮೇಲಿನ ಬಲಮೂಲೆಯನ್ನು ಕುಟ್ಟಿದಳು. ನೋಡಿದೆ. ಅಲ್ಲಿದ್ದದ್ದು ಮುಚ್ಚುವ ಗುರುತು, ಕತ್ತರಿಯಂತೆ ಒಂದನ್ನೊಂದು ದಾಟುವ ಎರಡು ಗೆರೆ. ಮತ್ತೆ ಕುಟ್ಟಿದಳು.

ಮುಚ್ಚಿಬಿಡಿ, ಸಾಕು ಅನ್ನುತ್ತಿದ್ದಾಳೆ ಅಂದುಕೊಂಡೆ.

"ಇಷ್ಟಕ್ಕೇ ಸಾಕಾಯ್ತಾ ನಿನಗೆ? ನೀನು ಕೈಬಿಟ್ರೆ ನಾನು ಯಾರ ಹತ್ರ ಬೈಸ್ಕೊಳ್ಳಲಿ?" ಅಂದೆ.

ಅವಳು ಎಡಗೈಯಿಂದ ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ತೋರುಬೆರಳನ್ನೇ ಹಿಡಿದು, ಎಳೆದು, ಆ ಗುರುತಿಗಿಂತ ಒಂಚೂರು ಕೆಳಗೆ ಒತ್ತಿಹಿಡಿದಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ.

"ಇಲ್ಲೊಂದು ಪುಟ್ಟ ಕೆಂಪು ಕೊಡೆ ಇದೆಯಲ್ಲಯ್ಯ."

"ಅಯ್ಯೋ ಭಾವ, ಅದು ಜಾಹೀರಾತು ತಡೆಯೋ ಪ್ಲಗಿನ್! ವಿಡಿಯೊ ಬೇರೆ ಕಿಟಕೀಲಿ ತೆರೆಯುತ್ತೆ ಅನ್ಸುತ್ತೆ. ಜಾಹೀರಾತು ಅಂದ್ಕೊಂಡು ಅದನ್ನೂ ತಡೀತಿದೆ. ಈ ಸೈಟಿಗೆ ಮಾತ್ರ ಆಫ್ ಮಾಡಿ."

ಆಗ ನೆನಪಾಯಿತು. ಹೋದ ವರ್ಷ ನಿಮಗೆ ಕಾರು ಬಂದಿದೆ ಅಂತ ಪರದೆಯಲ್ಲಿ ಮಿಣಮಿಣ ಅಂದದ್ದನ್ನು ನಾನು ಒತ್ತಿದ್ದೆ. ಕಾರು ಬರುತ್ತೆ ಅಂದರೆ ಯಾರು ತಾನೇ ಒತ್ತುವುದಿಲ್ಲ? ಅವತ್ತು ಕಂಪ್ಯೂಟರ್ ತುಂಬ ಜಾಹೀರಾತು ಸುರಿದು ಇವಳ ಕೆಲಸ ಕೆಟ್ಟಿತ್ತು. ನನ್ನ ಕಾಟ ತಪ್ಪಿಸಲು ಇವಳೇ ಹಾಕಿಕೊಂಡ ಕಾವಲು ಅದು. ಮೊದಲ ದಿನದಿಂದಲೂ ಇವಳಿಗೆ ಗೊತ್ತಿತ್ತು, ಪಾಪ. ಹೇಳಲು ಬಾಯಿ ಇರಲಿಲ್ಲ, ನನಗೆ ನೋಡಲು ವ್ಯವಧಾನ ಇರಲಿಲ್ಲ.

ಕೊಡೆ ಮಡಚಿದೆ. ರಿಫ್ರೆಶ್ ಮಾಡಿ ಮೊದಲ ಪದ ಒತ್ತಿದೆ. ಪರದೆ ತುಂಬ ಒಂದು ಬಾಯಿ ತೆರೆದುಕೊಂಡು "ಬಾ" ಅಂದಿತು.

ಇವಳು ಮುಂದಕ್ಕೆ ಬಾಗಿ ತುಟಿ ಸೇರಿಸಿದಳು. ಬರೀ ಗಾಳಿ ಬಂತು. ಮತ್ತೆ ಸೇರಿಸಿದಳು. ನನಗೆ ತಡೆಯಲಾಗಲಿಲ್ಲ.

"ಹಾಂ, ಹಂಗೇ, ಗಟ್ಟಿಯಾಗಿ ಸೇರಿಸು, ಅಲ್ನೋಡು ಆಯಮ್ಮ ಹೆಂಗೆ ಬಿಡ್ತಾಳೆ, ಉಸಿರು ಎಳ್ಕೋ, ಬಂತು ಬಂತು, ಇನ್ನೊಂದು ಸಲ, ನಿನ್ನ ಕೈಲಾಗುತ್ತೆ, ನಾನು ಹೇಳ್ತೀನಿ ಕೇಳು, ಬಾ, ಬಾ…"

ಅವಳ ಮುಖ ಕೆಂಪಾಯಿತು. ಎಡಗೈ ಮೇಲೆದ್ದಿತು.

"ಸು… ಸುಮ್ನಿರಿ."

ಪರದೆಯ ಬಾಯಿ ತನ್ನಷ್ಟಕ್ಕೆ ಇನ್ನೂ "ಬಾ" ಅನ್ನುತ್ತಲೇ ಇತ್ತು. ಫೋನಿನಲ್ಲಿ ಅವಳ ತಮ್ಮ ಕೇಳುತ್ತಿದ್ದ, "ಭಾವ? ಈಗ ಮಾತಾಡಿದ್ದು ಯಾರು? ಅಕ್ಕನಾ? ಭಾವ, ಏನಾದ್ರೂ ಹೇಳಿ."

ಕಣ್ಣು ತುಂಬಿ ಎಲ್ಲ ಮಸುಕಾಗಿತ್ತು. ಹೇಳೋಣವೆಂದು ಬಾಯಿ ತೆರೆದೆ. ಅವಳು ತಿರುಗಿ ನನ್ನನ್ನೇ ನೋಡಿದಳು.

ನಾನು ಬಾಯಿ ಮುಚ್ಚಿಕೊಂಡು ಕೂತೆ.